ಹುಲಿಯ ಅಂಗೈ

ಬಾಗಿಲು ಬಡಿಯುವ ಸದ್ದು ಕೇಳಿ ಚಿತ್ತರಂಜನ ಹಾಸಿಗೆಯಲ್ಲಿ ಎದ್ದು ಕುಳಿತ.

ಬೆರಳ ಗೆಣ್ಣಿನಿಂದ ಬಡಿದ ಸದ್ದಲ್ಲ ಅದು. ಅಂಗೈಯನ್ನು ಚಪ್ಪಟೆಯಾಗಿ ಹಲಗೆಗೆ ಇಟ್ಟು ತಟ್ಟಿದಂತಿತ್ತು. ತಟ್ಟಿ, ನಿಂತು, ಮತ್ತೆ ತಟ್ಟಿದಂತೆ.

ಅವನು ಲುಂಗಿ ಬಿಗಿದುಕೊಂಡು ಚಾವಡಿಗೆ ಬರುವಷ್ಟರಲ್ಲಿ ಅಕ್ಕ ಶಶಿಪ್ರಭಾ ಬಾಗಿಲು ತೆರೆದಾಗಿತ್ತು.

ಜಗಲಿಯ ಬಲ್ಬಿನ ಕೆಳಗೆ ಒಬ್ಬ ಮನುಷ್ಯ ನಿಂತಿದ್ದ. ನೆತ್ತಿಯಿಂದ ಪಾದದವರೆಗೆ ಹಳದಿ. ಸೊಂಟಕ್ಕೆ ಒಂದು ತುಂಡು ಬಟ್ಟೆ. ತೋಳುಗಳು ಮೈಗೆ ತಾಗದಂತೆ ಎರಡೂ ಕಡೆಗೆ ಚಾಚಿಕೊಂಡಿದ್ದವು. ಕಪ್ಪು ಪಟ್ಟೆಗಳನ್ನು ಇನ್ನೂ ಬರೆದಿರಲಿಲ್ಲ. ಅರ್ಧಕ್ಕೆ ನಿಂತ ಹುಲಿ.

"ಸಂಕಪ್ಪನಾ?" ಎಂದ ಚಿತ್ತರಂಜನ.

ಸಂಕಪ್ಪ ಬಾಯಿ ತೆರೆದ. ಬಾಗಿಲು ಹಿಡಿದು ನಿಂತಿದ್ದ ಶಶಿಪ್ರಭೆಯ ಕಡೆಗೆ ನೋಡಿದ. ಬಾಯಿ ಮುಚ್ಚಿದ.

"ಶೆಟ್ರೇ, ನೀವೊಮ್ಮೆ ಬನ್ನಿ."

"ಎಲ್ಲಿಗೆ?"

"ಚಪ್ಪರಕ್ಕೆ."

"ಎಂತ ಆಯ್ತು ಮಾರಾಯ?"

ಅವನು ತೋಳು ಚಾಚಿಕೊಂಡೇ ತಿರುಗಿ, ಅಂಗಳ ದಾಟಿ, ಕತ್ತಲಲ್ಲಿ ನಡೆದುಬಿಟ್ಟ.

ಶಶಿಪ್ರಭಾ ಗೂಡಿನಿಂದ ಟಾರ್ಚು ತೆಗೆದು ತಮ್ಮನ ಕೈಗೆ ಕೊಟ್ಟಳು. "ಹೋಗು ರಂಜ. ಬಣ್ಣ ಒಣಗುವ ಮೊದಲು ಬೀದಿಗೆ ಇಳಿಯುವವನಲ್ಲ ಅವನು. ಎಂತದೋ ಆಗಿದೆ."

*

ಬೆಳಗಾಗುವ ಹೊತ್ತಿಗೆ ಉರ್ವದ ಮಾರ್ಕೆಟ್ಟಿನಲ್ಲಿ ಮೀನಿನ ಬುಟ್ಟಿ ಇಳಿಸುವವರಿಗೂ ಸುದ್ದಿ ತಿಳಿದಿತ್ತು. ನವರಾತ್ರಿ ಚಪ್ಪರದ ಶಾರದೆಯ ಕಿರೀಟ ಕಳವಾಗಿದೆ.

ಅದು ಅರಸರು ಕೊಟ್ಟ ಕಿರೀಟವಲ್ಲ. ಉತ್ಸವದ ಸ್ವಯಂಸೇವಕಿಯರು ಹರಿವಾಣ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿದಾಗ, ಉರ್ವದ ಹೆಂಗಸರು ಕಿವಿಯಿಂದ, ಮೂಗಿನಿಂದ, ಕಪಾಟಿನ ಮೂಲೆಯಿಂದ ತೆಗೆದು ಹಾಕಿದ ಚೂರುಪಾರು ಬಂಗಾರದಿಂದ ಆದದ್ದು. ಜೊತೆ ಕಳೆದುಕೊಂಡ ಒಂಟಿ ಬೆಂಡೋಲೆ. ಮಗುವಿನ ಬೆರಳಿಗೆ ಹಿಡಿಯದಾದ ಉಂಗುರ. ತೀರಿಹೋದ ತಾಯಿಯ ಮೂಗುತಿ.

ಹಾಗೆ ಬಂದ ಬಂಗಾರವನ್ನು ತೂಗಬಾರದು, ಒರೆಗಲ್ಲಿಗೆ ಹಚ್ಚಬಾರದು ಎಂಬುದು ಆ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ. ಹೆಚ್ಚು ಕೊಟ್ಟವಳು ಯಾರು, ಕಡಿಮೆ ಕೊಟ್ಟವಳು ಯಾರು ಎಂಬುದು ದೇವಿಯ ಮುಂದೆ ತಿಳಿಯಕೂಡದು. ಕಿರೀಟ ಸಿದ್ಧವಾಗಿ ಬಂದಾಗಲೂ ಯಾರೂ ಅದನ್ನು ತಕ್ಕಡಿಗೆ ಇಡಲಿಲ್ಲ.

ಈ ವರ್ಷದ ಮೂರ್ತಿ ದೊಡ್ಡದು. ಕಿರೀಟ ತಲೆಗೆ ಕೂರದೆ ಒರಗುತ್ತಿತ್ತು. ಶೋಭಾಯಾತ್ರೆಯ ದಿನ ಬೆಳಿಗ್ಗೆ ಅಕ್ಕಸಾಲಿಗನನ್ನು ಕರೆಸಿ, ಬೆಂಕಿಗೆ ಹಿಡಿದು, ಅದರ ಬಾಯಿ ಅಗಲಿಸುವುದೆಂದು ಸಮಿತಿ ತೀರ್ಮಾನಿಸಿತ್ತು. ಅಕ್ಕಸಾಲಿಗ ತನ್ನ ಊದುಗೊಳವೆ ಹಿಡಿದುಕೊಂಡು ಬಂದು ಚಪ್ಪರದ ಕಂಬಕ್ಕೆ ಒರಗಿ ಕುಳಿತಿದ್ದ. ಮಾಡಲು ಕೆಲಸವಿರಲಿಲ್ಲ.

ಚಪ್ಪರದ ಹಿಂದಿನ ಉಗ್ರಾಣದಲ್ಲಿ ಚಿತ್ತರಂಜನ ಕಿರೀಟ ಇಡುವ ಪೆಟ್ಟಿಗೆಯ ಮುಂದೆ ಮೊಣಕಾಲೂರಿದ್ದ. ಕೊಡಿಯಾಲ್‌ಬೈಲಿನ ವಿಮಾ ಕಚೇರಿಯಲ್ಲಿ ಅವನ ಕೆಲಸವೇ ಅದು: ಸುಟ್ಟ ಗೋದಾಮು ತಾನಾಗಿ ಸುಟ್ಟಿತೇ, ಮುಳುಗಿದ ದೋಣಿ ನಿಜವಾಗಿ ಮುಳುಗಿತೇ ಎಂದು ಮೂಸಿ ಹೇಳುವುದು. ಇಂದು ಅವನ ಅಂಗಿಗೆ ಸ್ವಯಂಸೇವಕನ ರಿಬ್ಬನ್ ಬ್ಯಾಜು ಇತ್ತು. ಮೂಸಬೇಕಾಗಿದ್ದದ್ದು ತನ್ನದೇ ದಳದವರನ್ನು.

ಬೀಗ ಮುರಿದಿರಲಿಲ್ಲ. ಕೀಲಿ ಹಾಕಿ ತೆರೆದದ್ದು. ಮುಚ್ಚಳದ ಅಂಚಿನಲ್ಲಿ, ಬಾಗಿಲ ಚಿಲಕದಲ್ಲಿ, ಹಳದಿ ಬಣ್ಣದ ನಾಲ್ಕು ನಾಲ್ಕು ಬೆರಳ ಗುರುತು. ಸಪೂರ, ಒತ್ತೊತ್ತಾಗಿ, ಸ್ಪಷ್ಟವಾಗಿ.

"ನೋಡ್ರಿ ಶೆಟ್ರೆ," ಎಂದರು ಸಬ್ ಇನ್‌ಸ್ಪೆಕ್ಟರ್. ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದವರು. "ಕಳ್ಳ ರುಜು ಹಾಕಿ ಹೋಗವ್ನೆ. ನಿಮ್ಮೂರಲ್ಲಿ ಕಳ್ರೂ ಪ್ರಾಮಾಣಿಕರು ಕಣ್ರೀ."

"ಕಾವಲಿಗೆ ಯಾರಿದ್ದರು?"

ಬಾಗಿಲಲ್ಲಿ ನಿಂತಿದ್ದ ಲೋಕನಾಥ ಕೆಮ್ಮಿದ. ಅಂಚೆ ಕಚೇರಿಯ ಗುಮಾಸ್ತ, ವರ್ಷವೂ ತಪ್ಪದೆ ಬ್ಯಾಜು ಕಟ್ಟಿಕೊಳ್ಳುವವನು.

"ನಾನೇ ಅಣ್ಣ. ಬಾಗಿಲಿನ ಎದುರೇ ಇದ್ದೆ."

"ಎದುರು ಅಂದರೆ?"

"ಸ್ವಲ್ಪ ಈಚೆ. ಚಪ್ಪರದಲ್ಲಿ ತಾಳಮದ್ದಳೆ ನಡೀತಾ ಇತ್ತಲ್ಲ. ವಾಲಿ ಸಾಯುವ ಭಾಗ. ಸಾಯುವಾಗ ಅವನು ರಾಮನಿಗೆ ಎಂತ ಹೇಳ್ತಾನೆ ಅಂತ ಕೇಳದೆ ಹೇಗೆ ಇರುವುದು?"

"ಅಷ್ಟರಲ್ಲಿ ಕಿರೀಟ ಹೋಯ್ತು."

"ವಾಲಿ ತುಂಬ ಹೊತ್ತು ತೆಗೆದುಕೊಂಡ ಮಾರಾಯ್ರೇ." ಲೋಕನಾಥ ನೆಲ ನೋಡಿದ. "ಆದರೆ ಹುಲಿಯೊಂದು ಬಣ್ಣ ಬಳಿಯುವ ಶೆಡ್ಡಿನಿಂದ ಹೊರಗೆ ಬಂದದ್ದು ನನ್ನ ಕಣ್ಣಿಗೆ ಬಿದ್ದಿದೆ. ಸಂಕಪ್ಪನೇ. ಅದನ್ನು ಮಾತ್ರ ಹೇಳ್ತೇನೆ. ನಮ್ಮ ದಳದವನು ಅಂತ ಬಿಡಲಿಕ್ಕೆ ಆಗ್ತದಾ?"

ಸಂಕಪ್ಪ ಆ ದಳದವನೇ. ಬಂದರಿನಲ್ಲಿ ಮೂಟೆ ಹೊರುವ ಕೆಲಸ. ಚಪ್ಪರಕ್ಕೆ ಗುಂಡಿ ತೋಡುವುದು, ಊಟದ ಎಲೆ ಎತ್ತುವುದು, ವಿಸರ್ಜನೆಗೆ ಮೂರ್ತಿಗೆ ಹೆಗಲು ಕೊಡುವುದು, ಯಾವುದನ್ನೂ ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಈ ವರ್ಷ ಮಾತ್ರ ಅವನು ಬ್ಯಾಜು ಬೇಡವೆಂದು ಹುಲಿವೇಷಕ್ಕೆ ನಿಂತಿದ್ದ. ಮಗಳು ಫಳ್ನೀರಿನ ಆಸ್ಪತ್ರೆಯಲ್ಲಿದ್ದಳು. ಜ್ವರ ನೆತ್ತಿಗೇರಿ ಮಾತು ನಿಂತಿತ್ತು. ಅವಳು ಎದ್ದು ಕುಳಿತರೆ ಹುಲಿಯಾಗಿ ದೇವಿಯ ಮುಂದೆ ಕುಣಿದು ನೀರಿನವರೆಗೆ ಕಳುಹಿಸಿಕೊಡುತ್ತೇನೆಂದು ಹರಕೆ. ಮೊನ್ನೆ ಅವಳು ಎದ್ದು ಕುಳಿತು ಗಂಜಿ ಕೇಳಿದ್ದಳು.

ಮೂರ್ತಿ ನೀರಿಗಿಳಿಯುವ ಮೊದಲು ಬಣ್ಣ ಮೈಯಿಂದ ಇಳಿಯಬಾರದು. ಇಳಿದರೆ ಹರಕೆ ಮುರಿಯಿತು.

"ಯಾತ್ರೆ ಹೊರಡೋಕ್ ಮುಂಚೆ ಅವನನ್ನ ಠಾಣೆಗೆ ಒಯ್ತೀನಿ," ಎಂದರು ಸಬ್ ಇನ್‌ಸ್ಪೆಕ್ಟರ್. "ಹುಲೀನ ಜೀಪಲ್ಲಿ ಕೂರಿಸ್ಕೊಂಡು ಹೋದ್ರೆ ಊರೆಲ್ಲ ಹಿಂದೆ ಬರುತ್ತೆ. ಬಾವಿಕಟ್ಟೆ ಹತ್ರ ಸೀಮೆಎಣ್ಣೆ ಹಾಕಿ ತೊಳೆಸಿ, ಆಮೇಲೆ."

"ಅದು ಹರಕೆಯ ಬಣ್ಣ ಸಾರ್."

"ನನಗೂ ದೇವರು ಅಂದ್ರೆ ಭಯ ಇದೆ ಕಣ್ರೀ. ಸರ್ಕಲ್ ಸಾಹೇಬ್ರು ಅಂದ್ರೆ ಇನ್ನೂ ಜಾಸ್ತಿ."

*

ಶೆಡ್ಡಿನ ಒಳಗೆ ಟರ್ಪೆಂಟೈನಿನ ಘಾಟು ಗಂಟಲಿಗೆ ಹಿಡಿಯುತ್ತಿತ್ತು. ಅಡ್ಡ ಕಟ್ಟಿದ ಬಿದಿರಿಗೆ ತೋಳು ಆನಿಸಿ ಹುಲಿಗಳು ಸಾಲಾಗಿ ನಿಂತಿದ್ದವು. ಒಣಗುವ ತನಕ ಕೂರುವಂತಿಲ್ಲ, ಒರಗುವಂತಿಲ್ಲ. ಬಿದಿರನ್ನು ಹಿಡಿದುಕೊಂಡು ನಿಂತೇ ಇರಬೇಕು. ಬಣ್ಣ ಬಳಿಯುವ ದುಗ್ಗಪ್ಪ ಕಪ್ಪು ಕುಂಚ ಹಿಡಿದು ಸಂಕಪ್ಪನ ಬೆನ್ನಿನಲ್ಲಿ ಪಟ್ಟೆ ಎಳೆಯುತ್ತಿದ್ದ. ಪಕ್ಕದಲ್ಲಿ ಒಬ್ಬ ಪೊಲೀಸ್ ಪೇದೆ ಸ್ಟೂಲಿನ ಮೇಲೆ ಕುಳಿತು ಹುಲಿಯನ್ನು ಕಾಯುತ್ತಿದ್ದ.

"ತೊಳೆಯುತ್ತಾರಂತೆ," ಎಂದ ಚಿತ್ತರಂಜನ.

"ತೊಳೆಯುವವರು ತೊಳೆಯಲಿ. ಬರೆಯುವವನು ನಾನು ಬರೆಯುತ್ತೇನೆ," ಎಂದ ದುಗ್ಗಪ್ಪ, ಕುಂಚ ಎತ್ತದೆ. "ಪೇದೆಯಣ್ಣ, ಸ್ವಲ್ಪ ಆಚೆ ಸರಿಯಿರಿ. ಇಲ್ಲದಿದ್ದರೆ ನಿಮಗೂ ಬಾಲ ಬರ್ತದೆ."

ಪೇದೆ ಸ್ಟೂಲು ಸರಿಸಿದ.

ಚಿತ್ತರಂಜನ ಸಂಕಪ್ಪನ ಎದುರು ನಿಂತ. ವರ್ಷವರ್ಷವೂ ಇದೇ ಶೆಡ್ಡಿನಲ್ಲಿ, ಇದೇ ಸ್ವಯಂಸೇವಕನ ಬ್ಯಾಜು ಕಟ್ಟಿಕೊಂಡು, ಹುಲಿಗಳಿಗೆ ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿದವನು ಅವನು. ಆದರೂ ಅದನ್ನು ಈಗಷ್ಟೇ ಕಂಡಂತೆ ನೋಡಿದ.

ಬಿದಿರನ್ನು ಹಿಡಿದಿದ್ದ ಸಂಕಪ್ಪನ ಕೈ.

ಹೊರಮೈಯೆಲ್ಲ ಹಳದಿ. ಅಂಗೈ ಮಾತ್ರ ಅಂಗೈಯ ಬಣ್ಣದ್ದೇ. ಬೆರಳುಗಳ ಒಳಮೈಯೂ ಹಾಗೆಯೇ, ಮೂಟೆ ಹೊತ್ತು ದಡ್ಡುಗಟ್ಟಿದ ಚರ್ಮ.

"ಅಂಗೈಗೆ ಬಣ್ಣ ಇಲ್ಲ," ಎಂದ ಮೆಲ್ಲಗೆ.

"ಯಾವ ಕಾಲಕ್ಕೆ ಹಾಕಿದ್ದುಂಟು?" ಎಂದ ದುಗ್ಗಪ್ಪ. "ಬಿದಿರಿಗೆ ಅಂಟಿ ಚರ್ಮ ಕಿತ್ತು ಬರುವುದಕ್ಕಾ? ಇದನ್ನೆಲ್ಲ ನಿಮಗೆ ಹೇಳಬೇಕಾ ಶೆಟ್ರೇ? ಇದರ ಒಳಗೆ ಬಂದವರಿಗೆಲ್ಲ ಗೊತ್ತಿರುವ ವಿಷಯ. ಹೆಂಗಸರು ಬರುವುದಿಲ್ಲ, ಭಟ್ಟರು ಬರುವುದಿಲ್ಲ. ಉಳಿದವರೆಲ್ಲ ಬಂದು ಹೋಗ್ತಾರೆ, ಕೆಲವರು ಬೀಡಿ ಸೇದಲಿಕ್ಕೆ."

ಹಾಗಾದರೆ ಬೆರಳ ತುದಿಯಲ್ಲಿ ಬಣ್ಣ ಹಚ್ಚಿಕೊಂಡು ಪೆಟ್ಟಿಗೆ ಮುಟ್ಟಿದವರು ಹುಲಿಯಲ್ಲ. ಹುಲಿಯ ಮೇಲೆ ತಪ್ಪು ಹೊರಿಸಬೇಕೆಂದು, ಶೆಡ್ಡಿನ ಹೊರಗೆ ಎಸೆದಿದ್ದ ಬಣ್ಣದ ಡಬ್ಬದಲ್ಲಿ ಬೆರಳು ಅದ್ದಿದವರು. ಹುಲಿಯನ್ನು ದೂರದಿಂದ ಮಾತ್ರ ನೋಡಿದವರು.

"ಸಂಕಪ್ಪ," ಎಂದ ಚಿತ್ತರಂಜನ. "ನೀನು ಯಾಕೆ ಹೊರಗೆ ಹೋದೆ?"

"ಮೂತ್ರಕ್ಕೆ."

"ಉಗ್ರಾಣದ ಬಾಗಿಲು ತೆರೆದಿತ್ತಾ?"

"ತೆರೆಯುವಾಗಲೇ ಕಂಡೆ."

"ತೆರೆದವರು ಯಾರು?"

ಸಂಕಪ್ಪ ಬಿದಿರನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಅದನ್ನು ಕೇಳಬೇಡಿ."

"ನಿನ್ನನ್ನು ತೊಳೆಯಲಿಕ್ಕೆ ಬರ್ತಾ ಇದ್ದಾರೆ."

"ಗೊತ್ತುಂಟು. ದೇವರಿಗೆ ಧೂಪ ಹಿಡಿದು ಹುಲಿಯಾದ ಮೇಲೆ ಸುಳ್ಳು ಹೇಳಬಾರದು ಶೆಟ್ರೇ. ಯಾರನ್ನೂ ಕಾಣಲಿಲ್ಲ ಅಂತ ಹೇಳಲಿಕ್ಕೆ ನನಗೆ ಆಗುವುದಿಲ್ಲ. ಅದಕ್ಕೇ ಹೇಳಿದ್ದು, ಕೇಳಬೇಡಿ ಅಂತ."

"ರಾತ್ರಿ ನಮ್ಮ ಮನೆಗೆ ಬಂದದ್ದು ಹೇಳಲಿಕ್ಕೇ ಅಲ್ಲವಾ?"

ಸಂಕಪ್ಪನ ಹಳದಿ ರೆಪ್ಪೆಗಳು ಒಮ್ಮೆ ಮುಚ್ಚಿ ತೆರೆದವು. "ಬಂದೆ. ಮತ್ತೆ ಆಗಲಿಲ್ಲ."

*

ಪೆಟ್ಟಿಗೆಗೆ ಎರಡು ಕೀಲಿ. ಒಂದು ಪೂಜೆಯ ಗೋಪಾಲಕೃಷ್ಣ ಭಟ್ಟರಲ್ಲಿ. ಇನ್ನೊಂದು ಸ್ವಯಂಸೇವಕ ದಳದ ಮುಖ್ಯಸ್ಥ ಮಹಾಬಲ ಶೆಟ್ಟರಲ್ಲಿ. ಹೋಟೆಲು ನಡೆಸುವವರು, ಶಶಿಪ್ರಭೆಯ ಗಂಡ, ಚಿತ್ತರಂಜನನ ಭಾವ. ತಾಯಿ ತೀರಿದ ಮೇಲೆ ಅವನು ಬೆಳೆದದ್ದು ಅವರ ಮನೆಯಲ್ಲಿ. ಈಗಲೂ ಅವನ ಹಾಸಿಗೆ ಇರುವುದು ಅಲ್ಲಿಯೇ.

ಭಟ್ಟರು ಚಪ್ಪರದ ಮೂಲೆಯಲ್ಲಿ ತುಳಸಿ ಬಿಡಿಸುತ್ತಿದ್ದರು. ರಾತ್ರಿ ಪೂಜೆ ಮುಗಿಸಿ, ಕಿರೀಟ ಇಳಿಸಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಒತ್ತಿ, ಅಲ್ಲಿಂದ ತಾಳಮದ್ದಳೆಗೆ ಬಂದು ಕುಳಿತವರು ಬೆಳಕು ಹರಿಯುವವರೆಗೆ ಎದ್ದಿರಲಿಲ್ಲ. ಅರ್ಥ ಹೇಳಿದವರಲ್ಲಿ ಅವರೂ ಒಬ್ಬರು. ವಾಲಿಯನ್ನು ಕೊಂದ ರಾಮ ಅವರೇ. ಇಡೀ ಚಪ್ಪರ ಸಾಕ್ಷಿ.

"ನಿಮ್ಮನ್ನು ಸಂಶಯಿಸಲಿಕ್ಕೆ ಬಂದದ್ದಲ್ಲ ಭಟ್ರೇ. ಇದನ್ನು ಕೇಳಲಿಕ್ಕೆ ಬಂದೆ."

ಚಿತ್ತರಂಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದ ಬಿಳಿ ರೇಷ್ಮೆಯ ವಸ್ತ್ರವನ್ನು ಬಿಡಿಸಿದ. ಕಿರೀಟ ಸುತ್ತಿಡುತ್ತಿದ್ದ ಬಟ್ಟೆ. ಮಡಿಕೆಯ ಒಳಗೆ ವೃತ್ತಾಕಾರದ ಒಂದು ಕಲೆ. ಪಾಚಿಯಂಥ ಹಸಿರು.

ಭಟ್ಟರ ಕೈ ತುಳಸಿಯ ಮೇಲೆಯೇ ನಿಂತಿತು.

"ನವರಾತ್ರಿಯಲ್ಲಿ ದೇವಿಗೆ ನಿಂಬೆಹಣ್ಣಿನ ಮಾಲೆ ಹಾಕುತ್ತೀರಲ್ಲ," ಎಂದ ಚಿತ್ತರಂಜನ. "ಕಿರೀಟಕ್ಕೆ ಸುತ್ತಿ."

"ಹೌದು."

"ನಿಂಬೆಯ ಹುಳಿಗೆ ಬಂಗಾರ ಕಿಲುಬು ಹಿಡಿಯುತ್ತದಾ?"

ಮೈಕಿನಲ್ಲಿ ಯಾರೋ ಸ್ವಯಂಸೇವಕರೆಲ್ಲ ಸಮಿತಿಯ ಕೋಣೆಗೆ ಬಂದು ಬ್ಯಾಜು ಪಡೆಯಬೇಕೆಂದು ಕೂಗುತ್ತಿದ್ದರು.

"ಹೋದ ವರ್ಷವೇ ಕಂಡಿದ್ದೆ," ಎಂದರು ಭಟ್ಟರು. "ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದೆ. ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯಿತು. ಆಗಲೇ ಗೊತ್ತಾಯಿತು."

"ಯಾರಿಗೂ ಹೇಳಲಿಲ್ಲ?"

"ಹೇಗೆ ಹೇಳುವುದು? ನಮ್ಮ ಮನೆಯವಳು ಮನೋರಮಾ ಅವಳ ಅಜ್ಜಿಯ ಬುಗುಡಿ ಕೊಟ್ಟಿದ್ದಾಳೆ. ದಿನಾ ಸಂಜೆ ಬಂದು ಕಿರೀಟ ನೋಡಿ, ಅಗೋ ಅಲ್ಲಿ ಎಡಗಡೆಯ ಹೂವಿನಲ್ಲಿ ನನ್ನ ಅಜ್ಜಿ ಇದ್ದಾಳೆ ಅನ್ನುತ್ತಾಳೆ. ಅವಳಿಗೆ ನಾನು ಎಂತ ಹೇಳಲಿ?"

ಚಿತ್ತರಂಜನ ಬಟ್ಟೆಯನ್ನು ಮಡಿಸಿದ.

ಬಂಗಾರಕ್ಕಾಗಿ ಕದ್ದದ್ದಲ್ಲ. ಬಂಗಾರ ಇಲ್ಲವೆಂದು ತಿಳಿಯಬಾರದೆಂದು ಕದ್ದದ್ದು. ಅಕ್ಕಸಾಲಿಗನ ಬೆಂಕಿ ಹಿತ್ತಾಳೆಯನ್ನು ಮುಟ್ಟುವ ಮೊದಲು ಅದು ಕಾಣೆಯಾಗಬೇಕಿತ್ತು. ಉರ್ವದ ಹೆಂಗಸರ ಮೂಗಿನಿಂದ ಬಂದ ಬಂಗಾರ ವರ್ಷಗಳ ಹಿಂದೆಯೇ ಬೇರೆಲ್ಲೋ ಹೋಗಿತ್ತು.

*

ಸಮಿತಿಯ ಕೋಣೆಯೆಂದರೆ ಶಾಲೆಯ ಒಂದು ತರಗತಿ. ಮಹಾಬಲ ಶೆಟ್ಟರು ಮೇಷ್ಟರ ಮೇಜಿನ ಹಿಂದೆ ಕುಳಿತು ಬ್ಯಾಜುಗಳಿಗೆ ಪಿನ್ನು ಚುಚ್ಚುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಚಿತ್ತರಂಜನ ಒಳಗೆ ಬಂದು ಬಾಗಿಲು ಮುಚ್ಚಿದ.

"ಬಾಗಿಲು ಯಾಕೆ ಹಾಕಿದೆ? ಸೆಕೆ," ಎಂದರು ಮಹಾಬಲ ಶೆಟ್ಟರು.

"ಭಾವ, ಕೀಲಿ ಎಲ್ಲುಂಟು?"

ಅವರು ಸೊಂಟದ ಉಡಿದಾರ ತೋರಿಸಿದರು. "ಇಲ್ಲೇ. ಎಲ್ಲಿಗೆ ಹೋಗ್ತದೆ?"

"ನಿನ್ನೆ ಸಂಜೆ ಮನೆಯಲ್ಲಿ ಸ್ನಾನ ಮಾಡಿ ಪೂಜೆಗೆ ಹೋದಿರಿ. ಸ್ನಾನಕ್ಕೆ ಇಳಿಯುವಾಗ ಕೀಲಿಯನ್ನು ಬಚ್ಚಲ ಗೋಡೆಯ ಮೊಳೆಗೆ ಸಿಕ್ಕಿಸುತ್ತೀರಿ."

"ಈಗ ಸ್ನಾನಕ್ಕೂ ಇನ್ಶೂರೆನ್ಸಿನವರ ಒಪ್ಪಿಗೆ ಬೇಕಾ?"

"ಮರೆತು ಹೋದಿರಾ?"

ಮಹಾಬಲ ಶೆಟ್ಟರು ಪಿನ್ನು ಚುಚ್ಚಿದರು. ಅದು ರಿಬ್ಬನ್ನಿನ ಬದಲು ಅವರ ಹೆಬ್ಬೆರಳಿಗೆ ಚುಚ್ಚಿತು. ರಕ್ತವನ್ನು ಬಾಯಲ್ಲಿ ಹೀರಿ, "ಮರೆತೆ," ಎಂದರು. "ಬೆಳಿಗ್ಗೆ ಹೋಗಿ ನೋಡಿದರೆ ಮೊಳೆಯಲ್ಲೇ ಇತ್ತು. ಆದರೆ ಕಾಮಾಲೆ ಹಿಡಿದ ಹಾಗೆ ಹಳದಿ ಹಳದಿ."

"ಒರೆಸಿದಿರಿ."

"ಒರೆಸಿದೆ."

"ಪೊಲೀಸರಿಗೆ ಹೇಳಲಿಲ್ಲ. ನನಗೂ ಹೇಳಲಿಲ್ಲ."

"ನಿನಗೆ ಹೇಳಿದರೂ ಒಂದೇ, ಪೊಲೀಸರಿಗೆ ಹೇಳಿದರೂ ಒಂದೇ. ನಿನ್ನನ್ನು ಬೆಳೆಸಿದ್ದೇ ಹಾಗೆ." ಅವರು ನಗಲು ಯತ್ನಿಸಿದರು. "ಬೆಳೆಸುವಾಗ ಸ್ವಲ್ಪ ಕಡಿಮೆ ಬೆಳೆಸಬೇಕಿತ್ತು."

ಚಿತ್ತರಂಜನ ಹಸಿರು ಕಲೆಯ ಬಟ್ಟೆಯನ್ನು ಮೇಜಿನ ಮೇಲಿಟ್ಟ. ಮಹಾಬಲ ಶೆಟ್ಟರು ಅದನ್ನು ನೋಡಿದರು, ಮುಟ್ಟಲಿಲ್ಲ.

"ಬಂಗಾರವನ್ನು ಕಿರೀಟ ಮಾಡಿದ ಕಾರ್‌ಸ್ಟ್ರೀಟಿನ ಆಚಾರಿಗೆ ಕೊಟ್ಟದ್ದು ಯಾರು ಭಾವ?"

"ಆಚಾರಿ ತೀರಿಹೋಗಿದ್ದಾನೆ."

"ಅದನ್ನು ಕೇಳಲಿಲ್ಲ."

"ನಾನೇ ಕೊಟ್ಟದ್ದು ಅಂತ ಇಟ್ಟುಕೋ."

"ಆ ಸಮಯದಲ್ಲಿ ನೀವು ಮುಂಬಯಿಯಲ್ಲಿದ್ದಿರಿ. ಅಲ್ಲಿಯ ಹೋಟೆಲು ಮಾರುವ ಓಡಾಟ. ಕಿರೀಟ ಬಂದ ದಿನ ಸ್ಟೇಷನ್ನಿನಿಂದ ನಿಮ್ಮನ್ನು ಕರೆದುಕೊಂಡು ಬಂದದ್ದು ನಾನು. ಮತ್ತೆ ಇಪ್ಪತ್ತು ವರ್ಷದಿಂದ ಹುಲಿಗಳನ್ನು ನಿಲ್ಲಿಸುವವರು ನೀವು. ಹುಲಿಯ ಅಂಗೈಗೆ ಬಣ್ಣ ಇರುವುದಿಲ್ಲವೆಂದು ನಿಮಗೆ ನಿದ್ದೆಯಲ್ಲೂ ಗೊತ್ತು. ಆ ಗುರುತು ನೀವು ಹಾಕಿದ್ದಲ್ಲ."

ಹೊರಗೆ ತಾಸೆಯ ಸದ್ದು ಶುರುವಾಯಿತು. ಯಾವನೋ ಡೋಲು ಬಿಸಿಲಿಗೆ ಹಿಡಿದು ಹದ ನೋಡುತ್ತಿದ್ದ.

ಮಹಾಬಲ ಶೆಟ್ಟರು ಕನ್ನಡಕ ತೆಗೆದರು. "ಗೊತ್ತಾಗಿದೆ ನಿನಗೆ."

"ಗೊತ್ತಾಗಿದೆ."

"ಹಾಗಾದರೆ ಸುಮ್ಮನಿರು ರಂಜ. ಒಂದು ರಾತ್ರಿ ಠಾಣೆಯಲ್ಲಿ ಕು‌ಳಿತರೆ ಸಂಕಪ್ಪನಿಗೆ ಎಂತ ಆಗ್ತದೆ? ನಾಳೆ ನಾನೇ ವಕೀಲರನ್ನು ಕಳಿಸ್ತೇನೆ. ಕಿರೀಟ ಎಲ್ಲೋ ಸಿಕ್ಕಿತು ಅಂತ ಮಾಡಿ, ಹೊಸದು ಮಾಡಿಸಿ ಕೊಡ್ತೇನೆ, ಅಪ್ಪಟ ಬಂಗಾರದ್ದೇ. ಯಾರಿಗೂ ನಷ್ಟ ಇಲ್ಲ."

"ಅವನ ಬಣ್ಣ?"

"ಮುಂದಿನ ವರ್ಷ ಹಾಕಿಸಿಕೊಳ್ಳಲಿ. ಖರ್ಚು ನನ್ನದು."

"ಮಗಳು ಎದ್ದು ಕುಳಿತದ್ದು ಈ ವರ್ಷ ಭಾವ."

ಮಹಾಬಲ ಶೆಟ್ಟರು ಎದ್ದು ಬಂದು ಅವನ ಭುಜ ಹಿಡಿದರು. ಅವರ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಚಿತ್ತರಂಜನನಿಗೆ ಸುಲಭವಾಗುತ್ತಿತ್ತು.

"ಆ ಮಗಳಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ್ದು ಯಾರೆಂದು ಗೊತ್ತುಂಟಲ್ಲ? ಸಂಕಪ್ಪ ಯಾಕೆ ಬಾಯಿ ಬಿಡುವುದಿಲ್ಲ ಅಂತ ತಿಳಿದುಕೊಂಡಿದ್ದಿ? ಅವನಿಗೆ ಇರುವಷ್ಟು ಋಣ ನಿನಗೆ ಇಲ್ಲವಾ?"

"ಅವನಿಗಿಂತ ಹೆಚ್ಚುಂಟು."

"ಮತ್ತೆ?"

"ಋಣ ಇದ್ದವನ ಮೇಲೆಯೇ ಹಳದಿ ಬಳಿದರಲ್ಲ ಭಾವ. ಬಾಯಿ ಬಿಡಲಾರ ಎಂದು ಗೊತ್ತಿದ್ದೇ ಬಳಿದದ್ದು. ನನ್ನ ಕೈಗೆ ಟಾರ್ಚು ಕೊಟ್ಟು ಕಳುಹಿಸಿದ್ದೂ ಹಾಗೆಯೇ."

ಮಹಾಬಲ ಶೆಟ್ಟರ ಕೈ ಅವನ ಭುಜದಿಂದ ಜಾರಿತು.

"ಹೆಸರು ನಿನ್ನ ಬಾಯಿಯಿಂದ ಬಂದರೆ," ಎಂದರು, "ನೀನು ಮನೆಗೆ ಬರಬೇಕೆಂದಿಲ್ಲ. ನಿನ್ನ ಬಟ್ಟೆಬರೆ ನಾನು ಕಳಿಸಿಕೊಡ್ತೇನೆ."

ಚಿತ್ತರಂಜನ ಅಂಗಿಯ ಬ್ಯಾಜನ್ನು ಬಿಚ್ಚಿ, ಮೇಜಿನ ಮೇಲಿದ್ದ ಉಳಿದ ಬ್ಯಾಜುಗಳ ನಡುವೆ ಇಟ್ಟ. ಬಾಗಿಲು ತೆರೆದು ಹೊರಗೆ ನಡೆದ.

*

ಬಾವಿಕಟ್ಟೆಯ ಸುತ್ತ ಜನ ಸೇರಿದ್ದರು. ಹೆಚ್ಚಿನವರ ಎದೆಯಲ್ಲಿ ಬ್ಯಾಜು. ನಿನ್ನೆಯವರೆಗೆ ಸಂಕಪ್ಪನ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಅವನು ಎದುರು ಬಂದಾಗ ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿದರು. ಲೋಕನಾಥ ಎಲ್ಲರಿಗಿಂತ ಹಿಂದೆ ನಿಂತಿದ್ದ.

ದುಗ್ಗಪ್ಪನ ಕೆಲಸ ಮುಗಿದಿತ್ತು. ಹಣೆಯಿಂದ ಹಿಮ್ಮಡಿಯವರೆಗೆ ಕಪ್ಪು ಪಟ್ಟೆ, ಕೆನ್ನೆಯಲ್ಲಿ ಬಿಳಿ ಮೀಸೆ. ಉರ್ವದಲ್ಲಿ ಅಷ್ಟು ಚೆಂದದ ಹುಲಿ ಬಹಳ ಕಾಲದಿಂದ ನಿಂತಿರಲಿಲ್ಲ. ಅವನು ಕಲ್ಲಿನ ಮೇಲೆ ನಿಂತು ಎರಡೂ ಕೈ ಚಾಚಿದ್ದ, ಹಿಡಿಯಲು ಬಿದಿರಿರಲಿಲ್ಲ.

ಪೇದೆ ಸೀಮೆಎಣ್ಣೆಯ ಡಬ್ಬದ ಮುಚ್ಚಳ ತಿರುಗಿಸಿದ. ಗೋಣಿಯ ತುಂಡೊಂದನ್ನು ಅದರಲ್ಲಿ ಅದ್ದಿದ.

"ಸಾರ್, ನಿಲ್ಲಿಸಿ," ಎಂದ ಚಿತ್ತರಂಜನ. "ಇವನ ಅಂಗೈ ನೋಡಿ. ಬಣ್ಣ ಇಲ್ಲ. ಪೆಟ್ಟಿಗೆಯ ಮೇಲಿರುವುದು ಬೆರಳ ಒಳಮೈಯ ಗುರುತು. ಇದು ಎಣ್ಣೆಯ ಬಣ್ಣ, ಒಮ್ಮೆ ಹಿಡಿದರೆ ಉಗುರಿನ ಸಂದಿನಲ್ಲಿ ವಾರಗಟ್ಟಲೆ ಇರುತ್ತದೆ."

ಸಬ್ ಇನ್‌ಸ್ಪೆಕ್ಟರ್ ಸಂಕಪ್ಪನ ಅಂಗೈಯನ್ನು ತಿರುಗಿಸಿ, ಉಗುರುಗಳನ್ನು ಹತ್ತಿರದಿಂದ ನೋಡಿದರು. ಅವರು ಕೆಟ್ಟವರಾಗಿರಲಿಲ್ಲ. ಅವಸರದಲ್ಲಿದ್ದರು.

"ಒಳ್ಳೇ ಮಾತು ಹೇಳಿದ್ರಿ. ಆದ್ರೆ ನನಗೆ ಅಂಗೈ ಸಾಲಲ್ಲ ಕಣ್ರೀ. ಸಾಹೇಬ್ರಿಗೆ ಹೆಸರು ಬೇಕು. ಇವನಲ್ಲ ಅಂದ್ರೆ ಬೇರೆ ಯಾರು ಅಂತ ಹೇಳಿ, ಈಗ್ಲೇ ಬಿಟ್ಟುಬಿಡ್ತೀನಿ. ಇಲ್ಲಾಂದ್ರೆ ನೀವು ಆ ಕಡೆ ನಿಲ್ಲಿ."

ಚಿತ್ತರಂಜನ ಸಂಕಪ್ಪನನ್ನು ನೋಡಿದ. ಹುಲಿಯ ಕಣ್ಣು ಬೇಡವೆಂದು ಹೇಳುತ್ತಿತ್ತು.

ಆಗ ಗುಂಪು ಬದಿಗೆ ಸರಿದು ದಾರಿ ಬಿಟ್ಟಿತು. ಹೂವಿನ ಬುಟ್ಟಿಗಳನ್ನು ಹೊತ್ತ ಸ್ವಯಂಸೇವಕಿಯರು ರಥದ ಲಾರಿಯ ಕಡೆಗೆ ಹೊರಟವರು ಬಾವಿಕಟ್ಟೆಯ ಬಳಿ ನಿಂತರು. ಭಟ್ಟರ ಹೆಂಡತಿ ಮನೋರಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಬೆನ್ನು ಸವರುತ್ತ, ಸೆರಗನ್ನು ಎರಡೂ ಕೈಯ ಬೆರಳುಗಳ ಮೇಲೆ ಎಳೆದುಕೊಂಡು, ಅಂದು ಹರಿವಾಣದ ಬಂಗಾರವನ್ನು ಆಚಾರಿಗೆ ಒಪ್ಪಿಸಿದ್ದ ಅವರ ಮುಂದಾಳು ನಿಂತಿದ್ದಳು. ಮುಂದಾಳು ಸಂಕಪ್ಪನನ್ನು ಕರುಣೆಯಿಂದ ನೋಡಿದಳು. ನಿಜವಾದ ಕರುಣೆಯೇ. ನಂತರ ಪೇದೆಯ ಕಡೆ ತಿರುಗಿದಳು.

"ಮೊದಲು ಮುಖಕ್ಕೆ ಹಾಕಬೇಡಿ," ಎಂದಳು, ಮೆತ್ತನೆಯ ದನಿಯಲ್ಲಿ. "ಕಣ್ಣಿಗೆ ಹೋದರೆ ಉರಿಯುತ್ತದೆ ಪಾಪ. ಕಾಲಿನಿಂದ ಶುರು ಮಾಡಿ."

ಪೇದೆ ತಲೆಯಾಡಿಸಿ ಬಗ್ಗಿದ. ಸೀಮೆಎಣ್ಣೆ ತೊಟ್ಟಿಕ್ಕುವ ಗೋಣಿ ಹುಲಿಯ ಪಾದದ ಹತ್ತಿರ ಬಂತು.

"ಅವನನ್ನು ಮುಟ್ಟಬೇಡಿ," ಎಂದ ಚಿತ್ತರಂಜನ. ಅವನ ದನಿ ಅವನಿಗೇ ಬೇರೆಯವರದೆನಿಸಿತು. "ಕಿರೀಟ ತೆಗೆದವಳು ನನ್ನ ಅಕ್ಕ, ಶಶಿಪ್ರಭಾ."